ಲೆಕ್ಕ ಸರಿಯಾಗಿದ್ದ ಸಂಕ

ಹೊಸದಾಗಿ ಎಂಜಿನಿಯರ್ ಕೆಲಸಕ್ಕೆ ಸೇರುವವರು ನಮ್ಮಂಥ ನಿವೃತ್ತರನ್ನು ಕಂಡಾಗ ಕೇಳುವ ಪ್ರಶ್ನೆ ಒಂದೇ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ನಕ್ಷೆಗಳನ್ನು ಹೇಗೆ ಮಾಡುತ್ತಿದ್ದಿರಿ ಎಂದು. ಅದಕ್ಕೆ ಉತ್ತರ ಸುಲಭ, ಕೈಯಲ್ಲಿ ಮಾಡುತ್ತಿದ್ದೆವು. ಕಂಪ್ಯೂಟರ್ ಬಂದ ಮೇಲೆ ಏನಾಯಿತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಬರೆಯಬೇಕೆಂದಿರುವುದು ಅದನ್ನು.

ನನ್ನ ನೆನಪಿನ ಮೇಲೆ ನನಗೆ ಪೂರ್ತಿ ವಿಶ್ವಾಸವಿಲ್ಲ. ಯಾವ ಅಳತೆಯನ್ನೂ ಎರಡು ಸಲ ತೆಗೆಯದೆ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ನೆನಪನ್ನು ಎರಡನೆಯ ಸಲ ಅಳೆದಾಗೆಲ್ಲ ನನಗೆ ಬೇರೆ ಅಂಕಿ ಬರುತ್ತದೆ. ಆದ್ದರಿಂದ ಇದನ್ನು ಓದುವವರು ಮಾತುಗಳನ್ನು ನಾನು ಹೇಳಿದ ಹಾಗೆಯೇ ಆಡಿದರೆಂದು ಹಿಡಿಯಬೇಕಾಗಿಲ್ಲ. ಸಂಕ ಮಾತ್ರ ಇದೆ. ಹೋಗಿ ನೋಡಬಹುದು.

ಕಾಲುಸೇತುವೆಗೆ ನಮ್ಮ ಕಡೆ ಸಂಕ ಎನ್ನುತ್ತೇವೆ. ತೋಡಿಗೆ ಎರಡು ಅಡಿಕೆ ಮರ ಅಡ್ಡ ಹಾಕಿದರೆ ಅದೂ ಸಂಕ, ಕಾಂಕ್ರೀಟಿನಲ್ಲಿ ಕಟ್ಟಿದ್ದೂ ಸಂಕ. ಪುತ್ತೂರು ಮತ್ತು ಸುಳ್ಯದ ಒಳಹಳ್ಳಿಗಳಿಗೆ ಇಂಥ ಸಂಕ, ಮೋರಿ, ಸಣ್ಣ ಕಟ್ಟಗಳ ನಕ್ಷೆ ಮಾಡುವುದು ನಮ್ಮ ಕಚೇರಿಯ ಕೆಲಸ. ಕಡಬ, ರಾಮಕುಂಜ ಎಲ್ಲ ಆಗ ಪುತ್ತೂರು ತಾಲೂಕಿನೊಳಗೇ ಇದ್ದವು. ಕಚೇರಿ ಇದ್ದದ್ದು ಪುತ್ತೂರಿನ ಒಂದು ಬಾಡಿಗೆ ಕಟ್ಟಡದ ಮಾಳಿಗೆಯಲ್ಲಿ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಅಲ್ಲಿಗೆ ಹೋದಾಗ ಮೆಟ್ಟಿಲಲ್ಲೇ ಅಮೋನಿಯ ಮೂಗಿಗೆ ಹೊಡೆಯಿತು. ನೀಲಿ ಪ್ರತಿಗಳನ್ನು ತೆಗೆಯುವ ಪೆಟ್ಟಿಗೆಯ ವಾಸನೆ ಅದು. ಮೊದಲ ವಾರವೆಲ್ಲ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ನಕ್ಷೆ ಎಳೆಯುವವರ ಮುಖ್ಯಸ್ಥರು ವಿಠಲ ರೈಗಳು. ಊರಲ್ಲಿ ಗದ್ದೆ ತೋಟ ಇದ್ದ ಮನೆತನ. ತಾನು ಸಂಬಳಕ್ಕಾಗಿ ಬರುವವನಲ್ಲ ಎಂಬುದನ್ನು ದಿನಕ್ಕೊಮ್ಮೆಯಾದರೂ ಯಾರಿಗಾದರೂ ನೆನಪಿಸುತ್ತಿದ್ದರು. ಅವರು ಪೆನ್ಸಿಲಿನಲ್ಲಿ ಎಳೆದದ್ದನ್ನು ಪಾರದರ್ಶಕ ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದುವವರು ಲಿಲ್ಲಿ ಬಾಯಿ. ಮಾತು ಕಡಿಮೆ, ಆಡಿದರೆ ಚುರುಕು. ತಪ್ಪಾದರೆ ಬ್ಲೇಡಿನಿಂದ ಶಾಯಿಯನ್ನು ಕೆರೆದು, ಉಗುರಿನಲ್ಲಿ ಉಜ್ಜಿ ನಯಮಾಡಿ, ಅದೇ ಜಾಗದಲ್ಲಿ ಮತ್ತೆ ಬರೆಯುತ್ತಿದ್ದರು.

ಮಳೆಗಾಲದಲ್ಲಿ ಟ್ರೇಸಿಂಗ್ ಹಾಳೆ ತೇವ ಕುಡಿದು ಉಬ್ಬುತ್ತಿತ್ತು. ಜುಲೈಯಲ್ಲಿ ಎಳೆದ ಗೆರೆ ಜನವರಿಯಲ್ಲಿ ಸ್ವಲ್ಪ ಗಿಡ್ಡ. ನಾನು ಗಾಬರಿಯಿಂದ ಸ್ಕೇಲ್ ಇಟ್ಟು ತೋರಿಸಿದಾಗ ರೈಗಳು ಎಲೆ ಅಡಿಕೆ ಜಗಿಯುತ್ತಲೇ ಹೇಳಿದರು: "ಹೊಳೆಯೂ ಹಾಗೇ ಅಲ್ವಾ ಭಟ್ರೆ? ಮಳೆಗೆ ಅಗಲ, ಬೇಸಿಗೆಗೆ ಸಪುರ. ನಮ್ಮ ಹಾಳೆಗೆ ಮಾತ್ರ ಎಂತಕ್ಕೆ ಬೈಯುದು?"

ನಾನು ಸ್ನಾತಕೋತ್ತರ ಓದಿನಲ್ಲಿ ಕೆಲಸದ ವೇಗ ಹೆಚ್ಚಿಸುವ ವಿಧಾನಗಳ ಬಗ್ಗೆ ಒಂದಿಷ್ಟು ತಿಳಿದುಕೊಂಡು ಬಂದಿದ್ದೆ. ಒಂದು ಸಂಕದ ನಕ್ಷೆಗೆ ವಾರಗಟ್ಟಲೆ ಹಿಡಿಯುವುದನ್ನು ಕಂಡು ಗಡಿಯಾರ ಇಟ್ಟುಕೊಂಡು ಕುಳಿತೆ. ಯಾರು ಯಾವ ಕೆಲಸಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆಂದು ಗುರುತು ಹಾಕಿದೆ.

"ನಾನು ಎಲೆ ಹಾಕಿದ್ದನ್ನೂ ಬರ್ದಿದ್ದೀರಾ?" ರೈಗಳು ಕೇಳಿದರು.

"ಬರ್ದಿದ್ದೇನೆ ರೈಗಳೇ."

"ಹಾಗಾದ್ರೆ ಉಗುಳಿದ್ದನ್ನು ಬೇರೆ ಬರೀರಿ. ಅದಕ್ಕೆ ಕಿಟಕಿವರೆಗೆ ಹೋಗ್ಲಿಕ್ಕುಂಟು."

ಲಿಲ್ಲಿ ಬಾಯಿ ತಲೆ ಎತ್ತದೆ ಹೇಳಿದರು: "ಭಟ್ರು ಗಡಿಯಾರ ನೋಡಿದ ಟೈಮ್ ಯಾರ ಲೆಕ್ಕಕ್ಕೆ?"

ಆ ನಗೆಯ ನಡುವೆ ಒಂದು ವಿಷಯ ಮಾತ್ರ ಸ್ಪಷ್ಟವಾಯಿತು. ನಮ್ಮ ಸಂಕಗಳೆಲ್ಲ ಹೆಚ್ಚು ಕಡಿಮೆ ಒಂದೇ. ಈಚೆ ದಡದ್ದೊಂದು, ಆಚೆ ದಡದ್ದೊಂದು ಅಂಕಣ, ಅಂದರೆ ಒಂದು ಆಧಾರದಿಂದ ಮುಂದಿನ ಆಧಾರದವರೆಗಿನ ಭಾಗ. ಇವೆರಡರ ಅಳತೆ ಎಲ್ಲ ಕಡೆಯೂ ಅದೇ. ಹೊಳೆಯ ಅಗಲಕ್ಕೆ ತಕ್ಕಂತೆ ಮಧ್ಯದ ಅಂಕಣಗಳು ಹೆಚ್ಚುತ್ತವೆ, ಕಡಿಮೆಯಾಗುತ್ತವೆ, ಅಷ್ಟೆ. ಅದನ್ನೇ ಪ್ರತಿ ಸಲ ಹೊಸದಾಗಿ ಎಳೆಯುತ್ತಿದ್ದೆವು. ಮಾದರಿ ಹಾಳೆಗಳನ್ನು ಮಾಡಿ ಟ್ರೇಸಿಂಗಿನ ಅಡಿಯಲ್ಲಿಟ್ಟು ನಕಲು ತೆಗೆಯುವ ಕ್ರಮ ತಂದೆ. ಸ್ವಲ್ಪ ವೇಗ ಬಂತು.

ಆದರೆ ನಿಜವಾದ ತಡ ಮಂಗಳೂರಿನಲ್ಲಿತ್ತು. ನಕ್ಷೆಗೆ ಸಹಿ ಹಾಕುವ ದೊಡ್ಡ ಸಾಹೇಬರು ಅಲ್ಲಿದ್ದರು. ಅವರ ಮೇಜಿನ ಮೇಲೆ ಯಾವಾಗಲೂ ಒಂದು ಕೆಂಪು ಪೆನ್ಸಿಲ್. ಯಾವ ನಕ್ಷೆಯೂ ಒಂದು ಕೆಂಪು ಗುರುತಿಲ್ಲದೆ ಅವರ ಮೇಜಿನಿಂದ ಎದ್ದದ್ದಿಲ್ಲ. ತಪ್ಪು ಸಿಕ್ಕಿದರೆ ಅದಕ್ಕೊಂದು ವೃತ್ತ ಎಳೆದು, ತಿದ್ದಿ ಎಂದು ಬರೆದು, ಕೆಳಗೆ ಸಹಿ ಹಾಕುತ್ತಿದ್ದರು. ಸಿಗದಿದ್ದರೆ ಸಿಗುವವರೆಗೆ ಹುಡುಕುತ್ತಿದ್ದರು.

ರೈಗಳು ಇದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದರು. ನನಗದು ತಿಳಿದದ್ದು ಲಿಲ್ಲಿ ಬಾಯಿಯವರ ಬಾಯಿಂದ. ಟ್ರೇಸಿಂಗ್ ಮುಗಿಸಿದವರು ರೈಗಳ ಕಡೆ ತಿರುಗಿ, "ಬೊಟ್ಟು ಎಲ್ಲಿ ಇಡುದು?" ಎಂದು ಕೇಳಿದರು.

"ಎಂತ ಬೊಟ್ಟು?" ಎಂದೆ.

"ದೃಷ್ಟಿಬೊಟ್ಟು ಮಾರಾಯ್ರೆ," ರೈಗಳೆಂದರು. "ಚಂದದ ಮಗುವಿನ ಕೆನ್ನೆಗೆ ಇಡುದಿಲ್ವಾ? ಹಾಗೆ. ಒಂದು ಸಣ್ಣ ತಪ್ಪು ನಾವೇ ಇಟ್ಟು ಕಳಿಸುದು. ಸಾಹೇಬ್ರ ಕಣ್ಣು ಅಲ್ಲಿ ಬೀಳ್ತದೆ. ಕೆಂಪು ಹಾಕ್ತಾರೆ, ಖುಷಿ ಆಗ್ತದೆ, ಸಹಿ ಆಗ್ತದೆ. ಬಂದ ಮೇಲೆ ಬ್ಲೇಡಲ್ಲಿ ಕೆರ್ದು ಸರಿ ಮಾಡಿದ್ರಾಯ್ತು."

ಸಾಹೇಬರಿಗೆ ಅಳತೆಗಳನ್ನು ಕೂಡಿಸಿ ನೋಡುವ ಚಟ. ಆದ್ದರಿಂದ ಬೊಟ್ಟನ್ನು ಹೆಚ್ಚಾಗಿ ಅಲ್ಲೇ ಇಡುತ್ತಿದ್ದರು. ಯಾವುದೋ ಒಂದು ಅಂಕಣದ ಅಂಕಿ ಬದಲಿಸುವುದು, ಒಟ್ಟು ಮೊತ್ತ ಸರಿಯಾಗಿಯೇ ಇರುವುದು. ಕೂಡಿಸಿದರೆ ತಾಳೆಯಾಗುವುದಿಲ್ಲ. ಸಾಹೇಬರಿಗೆ ಸಿಗುತ್ತದೆ. ನನಗೆ ಇದು ಅಸಹ್ಯವೆನಿಸಿತು. ಆದರೆ ನಕ್ಷೆಗಳು ಹೋಗಿ ಬರುತ್ತಿದ್ದವು, ಬೊಟ್ಟುಗಳು ಕೆರೆದುಹೋಗುತ್ತಿದ್ದವು.

ಬಾಬು ಗೌಡರು ನಮ್ಮ ಮಾಳಿಗೆ ಹತ್ತತೊಡಗಿದ್ದು ಸುಮಾರು ಈ ಕಾಲದಲ್ಲಿ. ಗುತ್ತಿಗಾರಿನಿಂದ ಒಳಗೆ, ಹೊಳೆಯ ಆಚೆ ಅವರ ಮನೆ. ಆ ಕಡೆ ಏಳೆಂಟು ಮನೆಗಳು. ಶಾಲೆ, ಬಸ್ಸು, ಅಂಗಡಿ ಎಲ್ಲ ಈಚೆ. ಬೇಸಿಗೆಯಲ್ಲಿ ಹೊಳೆ ಇಳಿದು ಬರಬಹುದು, ಮಳೆ ಹಿಡಿಯಿತೆಂದರೆ ದಾರಿ ಮುಗಿಯಿತು. ಸೋಮವಾರದ ಸಂತೆಗೆ ಪುತ್ತೂರಿಗೆ ಬಂದಾಗ ಚೀಲವನ್ನು ಬಾಗಿಲಲ್ಲಿಟ್ಟು ಒಳಗೆ ಬರುತ್ತಿದ್ದರು.

"ನಮ್ಮ ಸಂಕ ಎಲ್ಲಿಗೆ ಮುಟ್ಟಿತು ಸಾರ್?"

"ಸರತಿಯಲ್ಲಿ ಉಂಟು ಗೌಡ್ರೆ."

"ಹೋದ ವರ್ಷವೂ ಅಲ್ಲೇ ಇತ್ತಲ್ಲ. ಅದಕ್ಕೆ ಕಾಲಿಲ್ವಾ?"

ರೈಗಳು ಕೆಣಕುತ್ತಿದ್ದರು: "ನಿಮ್ಮಲ್ಲಿ ಆನೆಗಳೇ ಆರಾಮ ದಾಟ್ತಾವಂತೆ. ನಿಮಗೆಂತ ಅವಸರ?"

"ಆನೆಗೆ ಸಂಕ ಬೇಡ ರೈಗಳೇ. ಅದಕ್ಕೆ ಶಾಲೆಗೆ ಹೋಗ್ಲಿಕ್ಕಿಲ್ಲ. ನನ್ನ ಮಗಳಿಗೆ ಉಂಟು."

ಮಗಳು ಪುಷ್ಪಾವತಿ. ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ವಾರಕ್ಕೆ ಹೊಳೆ ತುಂಬುತ್ತಿತ್ತು. ದಸರೆಯ ಹೊತ್ತಿಗೆ ಅವಳು ಮತ್ತೆ ಶಾಲೆಗೆ ಹೋದರೆ ತರಗತಿ ಅರ್ಧ ಪುಸ್ತಕ ದಾಟಿರುತ್ತಿತ್ತು. ಹೇಗೋ ಏಳನೆಯ ತರಗತಿಯವರೆಗೆ ಎಳೆದಿದ್ದಳು. ಹೈಸ್ಕೂಲಿನಲ್ಲಿ ಹಾಗೆ ನಡೆಯುವುದಿಲ್ಲ ಎಂದು ಮೇಷ್ಟರು ಹೇಳಿಬಿಟ್ಟಿದ್ದರಂತೆ. "ಮುಂದಿನ ಜೂನಿಗೆ ಸಂಕ ಇದ್ರೆ ಹೈಸ್ಕೂಲಿಗೆ ಕಳಿಸುದು. ಇಲ್ಲದಿದ್ರೆ ಬೀಡಿ ಸೂಪು ಮಡಿಲಿಗೆ," ಎಂದರು ಗೌಡರು. ಬೀಡಿ ಕಟ್ಟುವವರು ಎಲೆ, ಹೊಗೆಸೊಪ್ಪು ಇಟ್ಟುಕೊಳ್ಳುವ ಮೊರಕ್ಕೆ ಸೂಪು ಎನ್ನುತ್ತಾರೆ.

ಅದೇ ವರ್ಷ, ಎಂಬತ್ತರ ದಶಕದ ಕೊನೆಕೊನೆಗೆ, ನಮಗೆ ಕಂಪ್ಯೂಟರ್ ಬಂತು. ಪ್ರಯೋಗಕ್ಕೆಂದು ಒಂದು ಕಚೇರಿಯನ್ನು ಆರಿಸುವಾಗ ನನ್ನ ಓದಿನ ಕಾರಣದಿಂದ ನಮ್ಮದು ಸಿಕ್ಕಿತು ಎಂದು ನಾನು ನಂಬಿದ್ದೆ. ಬೇರೆ ಯಾರಿಗೂ ಬೇಡವಾಗಿತ್ತು ಎಂದು ಆಮೇಲೆ ಕೇಳಿದೆ. ಅದಕ್ಕಾಗಿ ಅಮೋನಿಯ ಪೆಟ್ಟಿಗೆಯನ್ನು ಹೊರಗೆ ಹಾಕಿ, ಕೋಣೆಗೆ ಗಾಜು ಕೂರಿಸಿ, ತಂಪಿನ ಯಂತ್ರ ಹಾಕಿದರು. ಧೂಳಾಗಬಾರದೆಂದು ಚಪ್ಪಲಿ ಬಾಗಿಲ ಹೊರಗೆ ಬಿಡಬೇಕು. ರೈಗಳು ಮೊದಲ ದಿನ ಒಳಗೆ ಬಂದು ಕೈಮುಗಿದು, "ತೀರ್ಥ ಉಂಟಾ?" ಎಂದು ಕೇಳಿದರು.

ಹಸಿರು ಅಕ್ಷರದ ಪರದೆ. ನಕ್ಷೆಗಳನ್ನು ಉಳಿಸಿಡಲು ಫ್ಲಾಪಿ. ಹಾಳೆಯ ಮೇಲೆ ಎಳೆಯಲು ಪೆನ್ನು ಹಿಡಿದು ಆಚೀಚೆ ಓಡುವ ಒಂದು ಯಂತ್ರ; ಅದರ ಪೆನ್ನು ಮಧ್ಯದಲ್ಲೇ ಒಣಗುತ್ತಿತ್ತು, ಕರೆಂಟು ಹೋದರೆ ಹಾಳೆ ವ್ಯರ್ಥ. ಒಂದು ನಕ್ಷೆಯನ್ನು ಸರಿಯಾಗಿ ಹೊರಗೆ ತೆಗೆಯಲು ಇಡೀ ಬೆಳಗ್ಗೆ ಬೇಕು. ಆದರೂ ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಈಚೆ ದಡದ ಅಂಕಣ, ಆಚೆ ದಡದ ಅಂಕಣ, ಮಧ್ಯದ್ದು ಎಂದು ಬಿಡಿಬಿಡಿಯಾಗಿ ಫ್ಲಾಪಿಯಲ್ಲಿಟ್ಟೆವು. ಹೊಸ ಸಂಕವೆಂದರೆ ಇವುಗಳನ್ನು ಕರೆದು ಜೋಡಿಸುವುದು. ಲಿಲ್ಲಿ ಬಾಯಿ ನನಗಿಂತ ಬೇಗ ಕಲಿತರು. ರೈಗಳು ಕೀಲಿಮಣೆ ಮುಟ್ಟಲಿಲ್ಲ. ಹಿಂದೆ ನಿಂತು ಹೇಳಿ ಮಾಡಿಸುತ್ತಿದ್ದರು.

ಮೊದಲ ನಕ್ಷೆ ಗುಂಡ್ಯದ ಹತ್ತಿರದ ಒಂದು ಮೋರಿಯದು. ಇನ್ನು ಬೊಟ್ಟು ಬೇಡ ಎಂದೆ. ಒಂದು ತಪ್ಪೂ ಇಲ್ಲದ ಹಾಳೆ ಮಂಗಳೂರಿಗೆ ಹೋಯಿತು. ಸಾಹೇಬರು ಕೂಡಿಸಿ ನೋಡಿದರು, ಕಳೆದು ನೋಡಿದರು, ದಿನಗಟ್ಟಲೆ ಮೇಜಿನ ಮೇಲಿಟ್ಟುಕೊಂಡರು. ಕೊನೆಗೆ, ಎಲ್ಲವೂ ಸರಿ ಇರುವುದರಿಂದ ಮೂಲ ಸರ್ವೆಯ ಮೇಲೆಯೇ ಅನುಮಾನ ಬರುತ್ತದೆ, ಹೊಸದಾಗಿ ಸರ್ವೆ ಮಾಡಿಸಿ ಎಂದು ವಾಪಸು ಕಳುಹಿಸಿದರು. ಆ ಬೇಸಿಗೆಗೆ ಮೋರಿ ಆಗಲಿಲ್ಲ.

"ಕೆನ್ನೆ ಖಾಲಿ ಬಿಟ್ರಿ ಅಲ್ವಾ," ಎಂದರು ರೈಗಳು.

ಮುಂದಿನದು ರಾಮಕುಂಜದ ಕಡೆಯ ಒಂದು ಸಂಕ. ಅದಕ್ಕೆ ಬೊಟ್ಟು ಇಟ್ಟೆವು. ಆಚೆ ದಡದ ಅಂಕಣದ ಅಳತೆ ಐದು ಮೀಟರ್ ನಲವತ್ತು. ಫ್ಲಾಪಿಯಲ್ಲಿದ್ದ ಆ ಅಂಕಣದಲ್ಲೇ ಅದನ್ನು ನಾಲ್ಕು ನಲವತ್ತು ಎಂದು ಹಾಕಿದ್ದು. ಸಾಹೇಬರು ಕೂಡಿಸಿದರು, ಒಂದು ಮೀಟರ್ ಕಡಿಮೆ ಬಂತು. ಕೆಂಪು ವೃತ್ತ, ಸಹಿ, ನಕ್ಷೆ ವಾರದಲ್ಲಿ ವಾಪಸು. ತಿದ್ದಬೇಕಾಗಿತ್ತು. ಮತ್ತೆ ಯಂತ್ರದಿಂದ ಎಳೆಸುವುದೆಂದರೆ ಇನ್ನೊಂದು ಬೆಳಗ್ಗೆ ಹಾಳು. ಲಿಲ್ಲಿ ಬಾಯಿ ಬ್ಲೇಡು ತೆಗೆದು ಹಾಳೆಯ ಮೇಲಿನ ನಾಲ್ಕನ್ನು ಕೆರೆದು ಐದು ಮಾಡಿದರು. ರಾಮಕುಂಜದ ಸಂಕವನ್ನು ಸರಿಯಾಗಿಯೇ ಕಟ್ಟಿದರು. ಫ್ಲಾಪಿಯೊಳಗೆ ನಾಲ್ಕು ಹಾಗೆಯೇ ಉಳಿಯಿತು. ಕೈಯ ಕಾಲದಲ್ಲಿ ಹಾಳೆ ಸರಿಯಾದರೆ ಎಲ್ಲವೂ ಸರಿಯಾದಂತೆ. ನಮ್ಮ ಯಾರ ಕೈಗೂ ಬೇರೆ ಅಭ್ಯಾಸ ಇರಲಿಲ್ಲ.

ಈ ನಡುವೆ ಮೊತ್ತಗಳನ್ನು ಯಂತ್ರವೇ ಕೂಡಿಸಲಿ ಎಂದು ನಾನೊಂದು ಸಣ್ಣ ಪ್ರೋಗ್ರಾಂ ಬರೆದೆ. ಅಳತೆಯ ಅಂಕಿಯನ್ನು ಓದಿ, ಗೆರೆಯನ್ನು ಅದಕ್ಕೆ ಸರಿಯಾಗಿ ಎಳೆದು, ಎಲ್ಲ ಕೂಡಿಸಿ ಒಟ್ಟು ಉದ್ದವನ್ನು ತಾನೇ ಬರೆಯುತ್ತಿತ್ತು. ನನ್ನ ವೃತ್ತಿಜೀವನದಲ್ಲಿ ಅಷ್ಟು ಸಂತೋಷ ಕೊಟ್ಟ ಕೆಲಸ ಇನ್ನೊಂದಿಲ್ಲ. ಅದರ ಮೇಲೆ ಮಂಗಳೂರಿನಲ್ಲಿ ಒಂದು ಉಪನ್ಯಾಸವನ್ನೂ ಕೊಟ್ಟೆ.

ಸರತಿಯಲ್ಲಿ ಆಮೇಲೆ ಬಂದದ್ದು ಬಾಬು ಗೌಡರ ಸಂಕ. ಮಳೆಗೆ ಮೊದಲು ಕಟ್ಟಿ ಮುಗಿಸಬೇಕಾದರೆ ನಕ್ಷೆ ಕೂಡಲೇ ಹೋಗಬೇಕಿತ್ತು. ಸರ್ವೆಯ ಪ್ರಕಾರ ಈಚೆ ಒಂದು, ಮಧ್ಯೆ ಮೂರು, ಆಚೆ ಒಂದು ಅಂಕಣ ಹಾಕಿದರೆ ಸಂಕದ ಆಚೆ ತುದಿ ದಡದ ಬಂಡೆಯ ಮೇಲೆ ಸರಿಯಾಗಿ ಕೂರುತ್ತಿತ್ತು. ಲಿಲ್ಲಿ ಬಾಯಿ ಐದನ್ನೂ ಫ್ಲಾಪಿಯಿಂದ ಕರೆದರು. ಆಚೆ ದಡದ ಅಂಕಣ ನಾಲ್ಕು ನಲವತ್ತಾಗಿ ಬಂತು. ಪ್ರೋಗ್ರಾಂ ಗೆರೆಯನ್ನು ನಾಲ್ಕು ನಲವತ್ತಕ್ಕೆ ಕುಗ್ಗಿಸಿ, ಕೂಡಿಸಿ, ಒಂದು ಮೀಟರ್ ಕಡಿಮೆಯ ಮೊತ್ತವನ್ನು ಬರೆಯಿತು. ಹಾಳೆಯ ಮೇಲೆ ಬಂಡೆಗೂ ಸಂಕಕ್ಕೂ ನಡುವೆ ಉಗುರಿನಷ್ಟು ಜಾಗ ಇದ್ದಿರಬೇಕು. ಬೊಟ್ಟಿಗೆ ರೈಗಳು ಬೇರೆಯದನ್ನು ಆರಿಸಿದ್ದರು. ಉತ್ತರ ದಿಕ್ಕಿನ ಬಾಣವನ್ನು ಪೂರ್ವಕ್ಕೆ ತಿರುಗಿಸಿದ್ದರು.

ಸಾಹೇಬರು ಅಳತೆ ಕೂಡಿಸಿದರು. ತಾಳೆಯಾಯಿತು. ಬಾಣ ನೋಡಿ ನಕ್ಕರಂತೆ. "ನಿಮ್ಮ ಕಂಪ್ಯೂಟರಿಗೆ ಉತ್ತರ ದಿಕ್ಕು ಗೊತ್ತಿಲ್ಲ ಭಟ್ರೆ," ಎಂದು ಫೋನಿನಲ್ಲಿ ಹೇಳಿ ಅದೇ ದಿನ ಸಹಿ ಹಾಕಿದರು. ನಮ್ಮ ಕಚೇರಿಯಿಂದ ಅಷ್ಟು ಬೇಗ ಯಾವ ನಕ್ಷೆಯೂ ಹೊರಬಿದ್ದದ್ದಿಲ್ಲ.

ಬಾಬು ಗೌಡರಿಗೆ ಸುದ್ದಿ ಹೇಳಿದ ಸೋಮವಾರ ಅವರು ಚಪ್ಪಲಿ ಬಿಟ್ಟು ಗಾಜಿನ ಕೋಣೆಗೆ ಬಂದು ಯಂತ್ರವನ್ನು ನೋಡಿದರು. "ಇಷ್ಟೆಯಾ? ಇದು ಮೊದಲೇ ಬರ್ಬಾರ್ದಿತ್ತಾ ಮಾರಾಯ್ರೆ!" ಎಂದರು. ಪುಷ್ಪಾವತಿಗೆ ಹೈಸ್ಕೂಲಿನ ನೀಲಿ ಲಂಗದ ಬಟ್ಟೆಯನ್ನು ಅದೇ ದಿನ ಕೊಂಡರು ಎಂದು ನನಗೆ ನೆನಪು. ಆ ದಿನವೇ ಆಗಿರಲಿಕ್ಕಿಲ್ಲ. ಬಟ್ಟೆಯ ಪೊಟ್ಟಣವನ್ನು ಬಿಚ್ಚಿ ಲಿಲ್ಲಿ ಬಾಯಿಗೆ ತೋರಿಸಿದ್ದು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಏಪ್ರಿಲ್‌ನಲ್ಲಿ ಆಚೆ ದಡದ ಅಡಿಪಾಯ ತೋಡುವಾಗ ಬಂಡೆ ಸಿಗಲಿಲ್ಲ. ಒಂದು ಹೆಜ್ಜೆ ಆಚೆಗೆ ಬಂಡೆ ಎದ್ದು ಕಾಣುತ್ತಿತ್ತು. ಅಲ್ಲಿದ್ದ ಓವರ್‌ಸಿಯರ್ ಆಮೇಲೆ ನನ್ನೊಡನೆ ಹೇಳಿದ್ದು ಇದು: "ರೈಗಳು ಕೈಯಲ್ಲಿ ಎಳ್ದ ನಕ್ಷೆ ಆಗಿದ್ರೆ ನಾನು ಓಡಿ ಬಂದು ಕೇಳ್ತಿದ್ದೆ ಸಾರ್. ಎಂತ ರೈಗಳೇ, ಬೊಟ್ಟು ಕೆರಿಲಿಕ್ಕೆ ಮರ್ತಿರಾ ಅಂತ. ಇದು ಕಂಪ್ಯೂಟರಿನದ್ದು. ಕೂಡಿಸಿ ನೋಡಿದೆ, ಲೆಕ್ಕ ಸರಿ ಇತ್ತು. ಮತ್ತೆ ಕೇಳುದೆಂತ?" ಮಣ್ಣಿನಲ್ಲೇ ಇನ್ನಷ್ಟು ಆಳ ತೋಡಿ ಕಾಂಕ್ರೀಟ್ ತುಂಬಿದರು. ಸಂಕದ ತುದಿಗೂ ಬಂಡೆಗೂ ನಡುವೆ ಉಳಿದ ಸಂದಿಗೆ ಮಣ್ಣು ಹಾಕಿ ಕಲ್ಲು ಜೋಡಿಸಿದರು.

ಜೂನ್‌ನಲ್ಲಿ ಪುಷ್ಪಾವತಿ ಸಂಕದ ಮೇಲೆ ನಡೆದು ಎಂಟನೆಯ ತರಗತಿಗೆ ಹೋದಳು. ಮಳೆ ಬಲವಾದಾಗ ನೀರು ಆ ಸಂದಿಯನ್ನು ಹುಡುಕಿತು. ಒಂದು ರಾತ್ರಿಯಲ್ಲಿ ಮಣ್ಣು, ಕಲ್ಲು ಹೋದವು. ನೆಲಕ್ಕೆ ಬೇರೂರಿದ ಬಂಡೆ ಎಂದು ನಾವು ತಿಳಿದದ್ದು ದಡದ ಮೇಲೆ ಕೂತಿದ್ದ ಬಿಡಿ ಬಂಡೆ, ಅದೂ ಉರುಳಿತು. ಸರ್ವೆಯಲ್ಲಿ ಅದನ್ನು ಗಟ್ಟಿ ನೆಲ ಎಂದು ಗುರುತಿಸಿದ್ದರು. ಅಂದರೆ ಐದು ನಲವತ್ತು ಹಾಕಿದ್ದರೂ ಸಂಕ ಉಳಿಯುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಮ್ಮೆ ಉಳಿಯುತ್ತದೆ, ಒಮ್ಮೆ ಉಳಿಯುವುದಿಲ್ಲ.

ನಾನು ಹೋದಾಗ ಸಂಕ ಒಂದು ಬಿರುಕೂ ಇಲ್ಲದೆ ನಿಂತಿತ್ತು. ಅದರ ತುದಿಯಿಂದ ಆಚೆ ದಡಕ್ಕೆ ಇಬ್ಬರು ಮಲಗುವಷ್ಟು ಅಗಲದ ಕೆಂಪು ನೀರು. ಬಾಬು ಗೌಡರು ಆಚೆ ನಿಂತಿದ್ದರು. ಹೊಳೆಯ ಸದ್ದಿನಲ್ಲಿ ಕೂಗಿ ಹೇಳಿದ್ದು ಹೀಗೆ ಕೇಳಿಸಿತು: "ಸಂಕ ಗಟ್ಟಿ ಉಂಟು ಸಾರ್! ನಾವು ಮಾತ್ರ ಈಚೆ ಉಳಿದ್ವು!"

ವಿಚಾರಣೆ ನಡೆಯಿತು. ತಾನು ರಾಮಕುಂಜದ ಹಾಳೆಯಲ್ಲೇ ಕೆಂಪು ಹಾಕಿದ್ದೆ ಎಂದರು ಸಾಹೇಬರು. ನಿಜ. ಕೆರೆಯಲು ಹೇಳಿದ್ದನ್ನು ಕೆರೆದೆ, ಫ್ಲಾಪಿಯ ಮಾತು ಯಾರೂ ಎತ್ತಲಿಲ್ಲ ಎಂದರು ಲಿಲ್ಲಿ ಬಾಯಿ. ಅದೂ ನಿಜ. ಬೊಟ್ಟನ್ನು ಆಚೆ ದಡದ ಅಂಕಣದಲ್ಲಿಡಲು ಹೇಳಿದವರು ಯಾರು? ಭಟ್ರು ಎಂದರು ರೈಗಳು. ನನ್ನ ನೆನಪಿನಲ್ಲಿ ರೈಗಳು ಕುರ್ಚಿಯ ಹಿಂದೆ ನಿಂತಿದ್ದಾರೆ, ಅವರ ಬೆರಳು ಪರದೆಯ ಮೇಲಿದೆ. ಆದರೆ ಕುರ್ಚಿಯಲ್ಲಿ ನಾನಿದ್ದೆನೋ ಲಿಲ್ಲಿ ಬಾಯಿ ಇದ್ದರೋ? ಹಳೆಯ ಹಾಳೆಗಳಲ್ಲಾದರೆ ಇದು ಪ್ರಶ್ನೆಯೇ ಆಗುತ್ತಿರಲಿಲ್ಲ. ರೈಗಳ ನಾಲ್ಕು ಒಂದು ರೀತಿ, ಲಿಲ್ಲಿ ಬಾಯಿಯ ನಾಲ್ಕು ಇನ್ನೊಂದು ರೀತಿ, ದೂರದಿಂದಲೇ ಹೇಳಬಹುದಿತ್ತು. ಪೆನ್ನಿನ ಯಂತ್ರ ಬರೆದ ನಾಲ್ಕು ಯಾರದ್ದೂ ಆಗಿರಲಿಲ್ಲ. ಕೊನೆಗೆ ಯಾರ ಮೇಲೂ ಕ್ರಮವಾಗಲಿಲ್ಲ. ಕಚೇರಿಯ ವೇಗವನ್ನು ಮೆಚ್ಚಿ ಬಂದ ಪತ್ರ ಅದೇ ತಿಂಗಳು ಗೋಡೆಗೆ ಏರಿತು.

ಸಂಕ ಒಮ್ಮೆ ಪೂರ್ಣಗೊಂಡಿದೆ ಎಂದು ದಾಖಲಾದದ್ದರಿಂದ ಆ ಜಾಗಕ್ಕೆ ಹೊಸ ಕೆಲಸ ಮಂಜೂರಾಗಲಿಲ್ಲ. ಸಂದಿಗೊಂದು ಅಂಕಣ ಸೇರಿಸುವ ನಕ್ಷೆಯನ್ನು ನಾನು ಹಲವು ಸಲ ಕಳುಹಿಸಿದೆ. ಅದನ್ನು ಮಾಡಲು ಪ್ರತಿ ಸಲ ಒಂದು ಗಂಟೆಯೂ ಬೇಕಾಗಲಿಲ್ಲ. ಹೋದ ನಕ್ಷೆ ಬರಲಿಲ್ಲ. ಬಾಬು ಗೌಡರು ಒಂದೆರಡು ಸೋಮವಾರ ಬಂದರು, ಆಮೇಲೆ ನಿಲ್ಲಿಸಿದರು. ರೈಗಳು ಸ್ವಯಂ ನಿವೃತ್ತಿ ತೆಗೆದುಕೊಂಡರು. ನಾನು ಇನ್ನೂ ವರ್ಷಗಟ್ಟಲೆ ಬೇರೆ ಬೇರೆ ಊರುಗಳಲ್ಲಿ ಇನ್ನೂ ಬೇಗ ನಕ್ಷೆ ಮಾಡುವುದನ್ನು ಜನರಿಗೆ ಕಲಿಸಿದೆ.

ನಿವೃತ್ತಿಗೆ ಸ್ವಲ್ಪ ಮುಂಚೆ ಗುತ್ತಿಗಾರಿನ ಕಡೆ ಹೋದವನು ಅಲ್ಲಿಗೆ ನಡೆದೆ. ಮಳೆ ಬಿಟ್ಟ ಕಾಲ. ಕಾಂಕ್ರೀಟಿನ ಮೇಲೆ ಹಾವಸೆ ಕಟ್ಟಿತ್ತು, ಅಷ್ಟೆ. ತುದಿಯಿಂದ ಆಚೆಗೆ ಎರಡು ಅಡಿಕೆ ಮರ ಹಾಕಿ ಬಳ್ಳಿಯಲ್ಲಿ ಬಿಗಿದಿದ್ದರು. ತಲೆಯ ಮೇಲೆ ಬೀಡಿಯ ಕಟ್ಟು ಹೊತ್ತ ಹೆಂಗಸೊಬ್ಬಳು ಆಚೆಯಿಂದ ಆ ಮರಗಳ ಮೇಲೆ ನೋಡದೆಯೇ ನಡೆದು ಬಂದಳು.

"ಬಾಬು ಗೌಡರ ಮನೆ ಉಂಟಲ್ಲ..." ಎಂದೆ.

"ಅಪ್ಪ ತೀರಿಹೋದ್ರು. ನೀವು?"

ಹೆಸರು ಹೇಳಿದೆ. ಅವಳು ನನ್ನನ್ನು ನೋಡಿದಳು. ಕೋಪವೇನೂ ಕಾಣಲಿಲ್ಲ. "ಓ, ಕಂಪ್ಯೂಟರಿನ ಭಟ್ರು. ಅಪ್ಪ ಹೇಳ್ತಿದ್ರು. ಆಚೆಗೆ ಬರ್ತೀರಾ?"

"ಈ ಮರ ಪ್ರತಿ ವರ್ಷ ಹಾಕ್ಲಿಕ್ಕುಂಟಾ?"

"ಮತ್ತೆ? ಮಳೆಗೆ ಹೋಗ್ತದಲ್ಲ. ಹೋದ ವರ್ಷದ ಮರ ಈ ವರ್ಷಕ್ಕೆ ಮುಟ್ಟುದಿಲ್ಲ, ಇನ್ನೂ ಉದ್ದದ್ದು ಬೇಕಾಗ್ತದೆ." ಆಮೇಲೆ ನನ್ನ ಕಾಲು ನೋಡಿ, "ಚಪ್ಪಲಿ ಬಿಟ್ಟು ಬನ್ನಿ ಸಾರ್. ಜಾರ್ತದೆ," ಎಂದಳು.

ಚಪ್ಪಲಿ ಬಿಟ್ಟೆ. ಸಂಕದ ತುದಿಯವರೆಗೆ ಬರಿಗಾಲಲ್ಲಿ ಹೋಗಿ ನಿಂತೆ. ಅಲ್ಲಿಂದ ಹಿಂದೆ ಬಂದೆ ಎಂದು ನನ್ನ ನೆನಪು. ದಾಟಿ ಹೋಗಿ ಆ ಮನೆಯಲ್ಲಿ ನೀರು ಕುಡಿದು ಬಂದೆನೆಂದು ಅಂದು ಸಂಜೆ ನಾನು ಹೇಳಿದ್ದಾಗಿ ಹೆಂಡತಿ ಈಗಲೂ ಹೇಳುತ್ತಾಳೆ.